ಕುಂಬಳೆಯಿಂದ ಹೊಸದುರ್ಗದವರೆಗೆ: ಅಳಿವೆಗಳ ಕಾವಲುಕೋಟೆಗಳು

ನಮ್ಮ ಕರಾವಳಿಯ ಕೋಟೆಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಮೋಟಾರು ಹಿಡಿದು ನೆಟ್ಟಗೆ ಬೇಕಲಕ್ಕೆ ಹೋಗಿ, ಬುರುಜನ್ನೇರಿ, ಕಡಲಿಗೆ ಬೆನ್ನುಮಾಡಿ ಚಿತ್ರ ತೆಗೆಯಿಸಿಕೊಂಡು ಹಿಂದಿರುಗುವುದುಂಟು. ಹಾಗೆ ಹೋದವರಿಗೆ ಒಂದು ಕೋಟೆ ಕಾಣುವುದೇ ಹೊರತು ಕೋಟೆಗಳ ಸಾಲು ಕಾಣುವುದಿಲ್ಲ. ಕುಂಬಳೆಯಿಂದ ಹೊಸದುರ್ಗದವರೆಗೆ ಹೆಚ್ಚುಕಡಮೆ 40 ಕಿಲೋಮೀಟರುಗಳ ಈ ದಾರಿಯನ್ನು ಎರಡು ಮೂರು ರಜೆಯ ದಿನಗಳಲ್ಲಿ ತುಂಡುತುಂಡಾಗಿಯಾದರೂ ನಡೆದು ನೋಡಬೇಕು. ಒಂದಾದ ಮೇಲೊಂದು ಹೊಳೆ ಅಡ್ಡ ಬರುತ್ತದೆ. ಹೊಳೆಯ ಬಾಯಿಗೆ ಬಂದಾಗಲೆಲ್ಲ ತಲೆಯೆತ್ತಿದರೆ ದಿಬ್ಬದ ಮೇಲೆ ಮುರಕಲ್ಲಿನ ಗೋಡೆಯೊಂದು ಕಾಣಿಸುವುದು ಬಹುಮಟ್ಟಿಗೆ ನಿಶ್ಚಯ. ಕೋಟೆಗಳು ಅಳಿವೆಗಳನ್ನೇ ಏಕೆ ಅರಸಿ ನಿಂತವು? ಈ ಪ್ರಶ್ನೆ ಕಾಲ್ನಡಿಗೆಯವನಿಗೆ ಮಾತ್ರ ಹೊಳೆಯತಕ್ಕದ್ದು.

ಉತ್ತರ ಕುಂಬಳೆಯಲ್ಲಿ ದೊರೆಯುತ್ತದೆ. ಹೆದ್ದಾರಿಯ ಪಕ್ಕದಲ್ಲಿ, ಹೊಳೆಯ ದಂಡೆಗೆ ಸಮೀಪವಾಗಿ ಆರಿಕ್ಕಾಡಿಯ ಕೋಟೆ ಇದೆ. ಇದು ಇಕ್ಕೇರಿ ನಾಯಕರ ಕಾಲದ್ದು. ಆದರೆ ಕೋಟೆಗಿಂತ ಹಳೆಯದು ಕುಂಬಳೆಯ ರೇವು. 1514ರ ಸುಮಾರಿಗೆ ಈ ಕರೆಯನ್ನು ಕಂಡ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ಇಲ್ಲಿಂದ ಕಪ್ಪುಬಣ್ಣದ ಕೀಳುತರದ ಅಕ್ಕಿ ಮಾಲದ್ವೀಪಗಳಿಗೆ ಹೋಗುತ್ತಿತ್ತೆಂದೂ ಅದಕ್ಕೆ ಬದಲಾಗಿ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದೂ ಬರೆದಿದ್ದಾನೆ. ನಮ್ಮ ಗದ್ದೆಯ ಅಕ್ಕಿಯನ್ನು ಅವನು ಹಳಿದದ್ದಕ್ಕೆ ಬೇಸರಿಸಬೇಕಾಗಿಲ್ಲ. ಆ ನಾರಿನಿಂದ ಹೊಸೆದ ಹಗ್ಗವಿಲ್ಲದೆ ಅಂದು ಹಡಗೇ ಇಲ್ಲ. ಅಕ್ಕಿಯಿಲ್ಲದೆ ಹಡಗಿನಲ್ಲಿ ಆಳೂ ಇಲ್ಲ. ಕುಂಬಳೆಯ ಅರಸರಿಂದ ಪೋರ್ಚುಗೀಸರು ಕಪ್ಪವನ್ನು ಪಡೆದದ್ದೂ ಹೊನ್ನಿನ ರೂಪದಲ್ಲಲ್ಲ, ಅಕ್ಕಿಯ ರೂಪದಲ್ಲಿಯೇ. ಘಟ್ಟದ ಕೆಳಗೆ ಬೆಳೆದ ಅಕ್ಕಿ, ಘಟ್ಟದಿಂದ ಇಳಿದ ಮೆಣಸು ಇವೆರಡೂ ದೋಣಿಯೇರಿ ಹೊಳೆಯ ಬಾಯಿಯಿಂದ ಹೊರಬೀಳಬೇಕಷ್ಟೆ. ಅಳಿವೆ ಯಾರ ಕೈಯಲ್ಲಿದೆಯೋ ಸುಂಕವೂ ಅವರದೇ.

ಕೆಳದಿಯ ಶಿವಪ್ಪನಾಯಕನು (1645–1660) ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದವನು. ಭೂಮಿಯ ಕಂದಾಯಕ್ಕೆ ಶಿಸ್ತನ್ನು ಕಟ್ಟಿದ ಅರಸನೆಂದು ಶಾಲೆಯ ಮಕ್ಕಳೆಲ್ಲ ಅವನನ್ನು ಬಲ್ಲರು. ಅದೇ ಅರಸನು 1652ರಿಂದ 1654ರೊಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬಡಗಣ ಅಳಿವೆಗಳಿಂದ ಪರಂಗಿಗಳನ್ನು ತೆರವುಮಾಡಿಸಿದ ಕೈಯೇ ತೆಂಕಣ ಅಳಿವೆಗಳಿಗೆ ಕಾವಲನ್ನು ಹಾಕಿತು. ಚಂದ್ರಗಿರಿಯ ಕೋಟೆಯನ್ನೂ ಬೇಕಲದ ಕೋಟೆಯನ್ನೂ ಈ ಒಂದೇ ಕಾರ್ಯದ ಅಂಗಗಳೆಂದು ಎಣಿಸಬೇಕು.

ಚಂದ್ರಗಿರಿಯಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುವುದು ಉಚಿತ. ಪಯಸ್ವಿನಿಯ ನೀರನ್ನು ಕೂಡಿಕೊಂಡು ಬರುವ ಈ ಹೊಳೆ ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಎಲ್ಲೆಯೆಂಬುದು ಬಹುಕಾಲದ ವಾಡಿಕೆ. 1801ರ ಜನವರಿಯಲ್ಲಿ ಈ ದಾರಿಯಾಗಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನೂ ಹಾಗೆಯೇ ಗುರುತಿಸಿದ್ದಾನೆ. ಕೋಟೆಯನ್ನು ಕಟ್ಟಿಸಿದವನು ಶಿವಪ್ಪನಾಯಕನೆಂದೂ ಬರೆದಿದ್ದಾನೆ. 1967ರಲ್ಲಿ ಮಹಾಜನ ಆಯೋಗವು ಕಾಸರಗೋಡಿನ ಯಾವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡುವಾಗಲೂ ಈ ಹೊಳೆಯನ್ನೇ ಗೆರೆಯಾಗಿ ಹಿಡಿಯಿತೆಂಬುದು ನಮ್ಮ ಹಿರಿಯರೆಲ್ಲರ ನೆನಪಿನಲ್ಲಿದೆ.

ಇಷ್ಟಾಗಿಯೂ ಕೋಟೆ ಇರುವುದು ಹೊಳೆಯ ಯಾವ ದಡದಲ್ಲಿ? ತೆಂಕಣ ದಡದಲ್ಲಿ. ಹೊಳೆಯನ್ನೇ ತನ್ನ ರಾಜ್ಯದ ಕಡೆಯ ಎಲ್ಲೆಯೆಂದು ಬಗೆದ ಅರಸನಾಗಿದ್ದರೆ ಬಡಗಣ ದಡದಲ್ಲಿ ಕೋಟೆ ಕಟ್ಟಿ, ಹೊಳೆಯನ್ನು ಬಿಟ್ಟಿಯ ಕಂದಕವಾಗಿ ಬಳಸಿಕೊಳ್ಳುತ್ತಿದ್ದನು. ಹೊಳೆ ದಾಟಿ, ಸುಮಾರು 150 ಅಡಿ ಎತ್ತರದ ದಿಬ್ಬವನ್ನೇರಿ, ಚೌಕಾಕಾರದ ಈ ಕೋಟೆಯನ್ನು ನಿಲ್ಲಿಸಿದವನ ಕಣ್ಣಿಗೆ ಅದು ಎಲ್ಲೆಯಾಗಿರಲಿಲ್ಲ. ಮುಂದಕ್ಕೆ ಹೋಗುವ ಹೆಬ್ಬಾಗಿಲಾಗಿತ್ತು. ದಿಬ್ಬ ಆ ಕಡೆಗೇ ಎತ್ತರವಾಗಿದ್ದುದೂ ಒಂದು ಕಾರಣವಿರಬಹುದು. ಆದರೂ ಕೋಟೆಯ ಗೋಡೆಯ ಮೇಲೆ ನಿಂತು ಕೆಳಗಣ ಅಳಿವೆಯನ್ನೂ ಎದುರು ದಡದ ತಳಂಗರೆಯನ್ನೂ, ಅಲ್ಲಿಯ ಪುರಾತನವಾದ ಮಾಲಿಕ್ ದೀನಾರ್ ಮಸೀದಿಯ ನೆಲೆಯನ್ನೂ ನೋಡಿದಾಗ, ನಾವು ಗೆರೆಯೆಂದು ಹೇಳುವುದು ಅಂದಿನವರಿಗೆ ಬರಿಯ ದಾರಿಯಾಗಿತ್ತೆಂಬ ಭಾವನೆ ಬಲವಾಗುತ್ತದೆ.

ಇಲ್ಲಿಯ ಕಲ್ಲಿನ ವಿಷಯವಾಗಿಯೂ ಒಂದು ಮಾತು. ಬುಕಾನನ್ನನು ಇಲ್ಲಿಗೆ ಬರುವುದಕ್ಕೆ ತಿಂಗಳೊಂದರ ಹಿಂದೆ ಮಲಬಾರಿನ ಅಂಗಾಡಿಪುರದಲ್ಲಿ ನಮ್ಮ ಮುರಕಲ್ಲನ್ನು ಕಂಡು, ಅದಕ್ಕೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದನು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಹೇಳುವ ಮಾತಿನಿಂದ ಬಂದ ಹೆಸರದು. ನೆಲದೊಳಗಿರುವಾಗ ಕತ್ತಿಯಂಥ ಉಪಕರಣಕ್ಕೂ ಮಣಿಯುವ ಈ ಕಲ್ಲು, ಕಡಿದು ಹೊರಗಿಟ್ಟ ಮೇಲೆ ಗಾಳಿ ಬಿಸಿಲು ತಾಗಿ ಗಟ್ಟಿಯಾಗುತ್ತದೆ. ಕೋಟೆಗೆ ಬೇಕಾದ ಕಲ್ಲು ಕೋಟೆಯ ಕಾಲಡಿಯಲ್ಲಿಯೇ ದೊರೆಯುವ ನಾಡಿನಲ್ಲಿ ಇಂಥ ದೊಡ್ಡ ಗೋಡೆಗಳೆದ್ದದ್ದು ಆಶ್ಚರ್ಯವಲ್ಲ.

ಮುಂದೆ ಬೇಕಲ. ಮೂರು ಕಡೆ ಕಡಲು ಸುತ್ತಿದ ಕೋಡಿನ ಮೇಲೆ ಸುಮಾರು 40 ಎಕರೆಯಷ್ಟು ಹರಡಿದ ಈ ಕೋಟೆ ಇಂದಿನ ಕೇರಳ ರಾಜ್ಯದಲ್ಲಿಯೇ ಅತ್ಯಂತ ದೊಡ್ಡದು. ನೆಲದ ಕಡೆಗೆ ಕಂದಕ. ನೆಟ್ಟಗೆ ನುಗ್ಗಲಾಗದಂತೆ ತಿರುವಿಟ್ಟ ಬಾಗಿಲು. ಬಾಗಿಲ ಬಳಿ ಆಂಜನೇಯನ ಗುಡಿ. ಒಳಗೆ ಮೆಟ್ಟಿಲುಗಳ ಕೊಳ, ಮದ್ದಿನ ಮನೆ. ನಡುವೆ ವಿಶಾಲವಾದ ಇಳಿಜಾರಿನ ದಾರಿಯುಳ್ಳ ವೀಕ್ಷಣೆಯ ಬುರುಜು. ಆ ಇಳಿಜಾರನ್ನೇರಿ ಹೋದರೆ ಬಡಗಣದಿಂದ ತೆಂಕಣದವರೆಗೆ ಕರೆಯ ಬಹುದೂರದ ಭಾಗ ಕಣ್ಣಿಗೆ ಬೀಳುತ್ತದೆ. ಹೊರಗೋಡೆಯ ಕಿಂಡಿಗಳನ್ನು ಮಾತ್ರ ಯಾರೂ ಅವಸರದಲ್ಲಿ ದಾಟಿ ಹೋಗಬಾರದು. ಮೇಲಣ ಕಿಂಡಿಯಿಂದ ಬಹುದೂರದ ವೈರಿಗೆ, ಅದರ ಕೆಳಗಿನದರಿಂದ ಇನ್ನೂ ಹತ್ತಿರ ಬಂದವನಿಗೆ, ಅದಕ್ಕೂ ಕೆಳಗಿನದರಿಂದ ಗೋಡೆಯ ಬುಡಕ್ಕೆ ಬಂದವನಿಗೆ ಗುರಿಯಿಡುವಂತೆ ಒಂದೊಂದರ ಓರೆಯೂ ಬೇರೆ ಬೇರೆ. ಮಕ್ಕಳನ್ನು ಕರೆದೊಯ್ದ ಹಿರಿಯರು ಅವರ ಕಣ್ಣನ್ನು ಆ ಕಿಂಡಿಗಳಿಗೆ ಹಚ್ಚಿಸಿದರೆ ಸಾಕು, ಬೇರೆ ವ್ಯಾಖ್ಯಾನ ಬೇಡ.

ಬೇಕಲವನ್ನು ‘ಟೀಪುವಿನ ಕೋಟೆ’ ಎಂದು ಕರೆಯುವುದು ಕೆಲವೆಡೆ ರೂಢಿಯಾಗಿದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿಯವರ ಉಳಿದ ಸೊತ್ತಿನೊಡನೆ ಇದೂ ಮೈಸೂರಿಗೆ ಸಂದಿತು. ಟೀಪುವು ಇದನ್ನು ಮುಖ್ಯ ಠಾಣೆಯಾಗಿ ಬಳಸಿಕೊಂಡದ್ದೂ ನಿಜ. 1997ರಿಂದ 2001ರವರೆಗೆ ಕೇಂದ್ರ ಪ್ರಾಚ್ಯವಸ್ತು ಇಲಾಖೆಯವರು ಒಳಗೆ ಅಗೆದು ನೋಡಿದಾಗ ಇಕ್ಕೇರಿಯವರ ಕಾಲದ ಕಟ್ಟಡಗಳ ತಳಹದಿಗಳೂ ಟೀಪುವಿನ ಕಾಲದವೂ ಎರಡೂ ದೊರೆತವು. ಹೀಗೆ ಪದರ ಪದರವಾಗಿರುವುದನ್ನು ಒಬ್ಬನ ಹೆಸರಿಗೆ ಬರೆಯುವುದು ಸರಿಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ಜಿಲ್ಲೆಯೆಲ್ಲ ಕಂಪೆನಿಯ ಪಾಲಾಯಿತು. ಬೇಕಲವು ಕೆಲಕಾಲ ತಾಲೂಕಿನ ಕಸಬೆಯಾಗಿದ್ದು, ಆ ಪದವಿ ಕಾಸರಗೋಡಿಗೆ ಹೋದ ಮೇಲೆ ಅಲ್ಲಿ ಉಳಿದದ್ದು ಗೋಡೆ, ಗಾಳಿ, ಕಡಲು.

ಅಲ್ಲ, ಜನರೂ ಉಳಿದರು. ಕೋಟೆಗಳ ಕಾವಲಿಗೆಂದು ಬಂದವರ ಸಂತತಿಯವರು, ಕೋಟೆಗಾರರೆಂದೂ ರಾಮಕ್ಷತ್ರಿಯರೆಂದೂ ಹೆಸರುಳ್ಳವರು, ಬೇಕಲ ಹೊಸದುರ್ಗಗಳ ಆಸುಪಾಸಿನಲ್ಲಿ ಇಂದಿಗೂ ಇದ್ದಾರೆ. ಇವರ ಮನೆಮಾತು ಕನ್ನಡ. ಈ ಕೋಟೆಗಳನ್ನು ಕಂಡು ಭಾಷಾಭಿಮಾನದಿಂದ ಉಬ್ಬುವುದು ಗಡಿನಾಡಿನ ನಮಗೆ ಸುಲಭ. ಆದರೆ ನಾಯಕರ ದಂಡು ತೆಂಕಣಕ್ಕೆ ನಡೆದದ್ದು ಕನ್ನಡಕ್ಕಾಗಿ ಅಲ್ಲ, ಅಕ್ಕಿ ಮೆಣಸುಗಳ ಸುಂಕಕ್ಕಾಗಿ. ಅವರಿಗೆ ಮಣಿದ ಅರಸರಲ್ಲಿ ತುಳುನಾಡಿನವರೂ ಇದ್ದರು. ನಮ್ಮದೆಂದು ಹೇಳಿಕೊಳ್ಳಲು ಗೋಡೆಗಿಂತ ಗಟ್ಟಿಯಾದ ಸಾಕ್ಷಿ ಬೇರೆಯೇ ಇದೆ. ಸಂಬಳ ಕೊಡುವ ಅರಸು ಅಳಿದು, ಕಾಯತಕ್ಕ ಬಾಗಿಲಿಲ್ಲದೆ ಹೋದ ಮೇಲೂ ಎರಡು ಶತಮಾನಗಳಿಗೂ ಮೀರಿ ಈ ಮನೆಗಳಲ್ಲಿ ಮಗುವಿಗೆ ಕಲಿಸಿದ ಮೊದಲ ಮಾತು ಕನ್ನಡವಾಗಿಯೇ ನಡೆದುಬಂದಿದೆಯಲ್ಲ, ಅದು.

ಬೇಕಲದಿಂದ ಚಿತ್ತಾರಿ ಹೊಳೆಯನ್ನು ದಾಟಿದರೆ ಕಾಞಂಗಾಡು. ಇಲ್ಲಿಯ ಕೋಟೆಯನ್ನು ಕಟ್ಟಿಸಿದವನು ಇಮ್ಮಡಿ ಸೋಮಶೇಖರನಾಯಕನು (1714–1739). ಬೇಕಲ ಚಂದ್ರಗಿರಿಗಳ ಮುಂದೆ ಇದು ಹೊಸತು, ಆದುದರಿಂದ ಹೊಸದುರ್ಗ. ನೀಲೇಶ್ವರದ ಕಡೆಗೆ ಕೆಳದಿಯ ದಂಡು ನಡೆದ ಕಾಲದ ಮುನ್ನೆಲೆ ಇದು. ಇಂದು ಕೋಟೆಯ ಬಹುಭಾಗ ಕುಸಿದಿದೆ. ದುಂಡನೆಯ ಬುರುಜುಗಳು ಅಲ್ಲಲ್ಲಿ ನಿಂತಿವೆ. ಕೋಟೆಯ ಬಳಿಯಲ್ಲಿಯೇ ಸ್ವಾಮಿ ನಿತ್ಯಾನಂದರು ಮುರಕಲ್ಲನ್ನು ಕೊರೆಯಿಸಿ ಮಾಡಿಸಿದ 45 ಗುಹೆಗಳ ಆಶ್ರಮವಿದೆ. ನೋಡಲು ಬರುವವರಲ್ಲಿ ಹೆಚ್ಚಿನವರು ಅಲ್ಲಿಗೇ ಹೋಗುತ್ತಾರೆ. ಊರಿನ ರೈಲು ನಿಲ್ದಾಣಕ್ಕೆ ಕಾಞಂಗಾಡೆಂದು ಹೆಸರು. ತಾಲೂಕಿಗೆ ಮಾತ್ರ ಸೋಮಶೇಖರನು ಇಟ್ಟ ಕೋಟೆಯ ಹೆಸರೇ ಉಳಿದಿದೆ. ಆಡುವವರ ನಾಲಗೆಯಲ್ಲಿ ಸವೆದು ‘ಹೊಸ್ದುರ್ಗ್’ ಆಗಿರುವುದರಿಂದ ಅದರೊಳಗಿನ ‘ಹೊಸ’ ಎಂಬ ಮಾತು ಬಹಳ ಮಂದಿಗೆ ಕೇಳಿಸುವುದಿಲ್ಲ.