ವಿಷದೂಟದ ಹೊತ್ತು: ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜಹತ್ಯೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಕುರಿತ ಚರ್ಚೆ ಹೆಚ್ಚಾಗಿ ಎರಡೇ ಸನ್ನಿವೇಶಗಳ ಸುತ್ತ ನಡೆದಿದೆ. ಒಂದು, ಮಾವುತ ಅಷ್ಟಾವಂಕನ ಹಾಡಿಗೆ ರಾಣಿ ಅಮೃತಮತಿ ಮನಸೋತದ್ದು. ಇನ್ನೊಂದು, ಚಂಡಿಕೆಗೆ ಬಲಿಕೊಟ್ಟ ಹಿಟ್ಟಿನ ಕೋಳಿ ಕೂಗಿದ್ದು. ಇವುಗಳ ಬೆನ್ನಿಗೇ ಉಜ್ಜಯಿನಿಯ ಅರಮನೆಯಲ್ಲಿ ದೊರೆ ಯಶೋಧರನೂ ರಾಜಮಾತೆ ಚಂದ್ರಮತಿಯೂ ವಿಷವುಂಡು ಸಾಯುತ್ತಾರೆ. ಈ ಜೋಡಿಕೊಲೆಯನ್ನು ಜಾರತನದ ಕಥೆಯ ಸಹಜ ಮುಕ್ತಾಯವೆಂದು ಓದಿ ಮುಂದೆ ಸಾಗುವುದು ರೂಢಿ. ಕೊಲೆ ನಡೆದ ಹೊತ್ತನ್ನು ಗಮನಿಸಿದರೆ ಆ ಓದು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಘಟನೆಗಳ ಸರಣಿಯನ್ನು ನೋಡಬೇಕು. ರಾತ್ರಿ ಹೆಂಡತಿಯ ಹಿಂದೆಯೇ ಹೋದ ಯಶೋಧರ, ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ ಅವಳು ಅವನನ್ನು ಓಲೈಸುವುದನ್ನೂ ಕಣ್ಣಾರೆ ಕಾಣುತ್ತಾನೆ. ಇಬ್ಬರನ್ನೂ ಕಡಿಯಲೆಂದು ಎತ್ತಿದ ಕತ್ತಿಯನ್ನು ತಾನಾಗಿ ತಡೆಯುತ್ತಾನೆ. ಆಮೇಲೆ ಅವನು ಅವಳ ಮೇಲೆ ಎತ್ತಿದ ಆಯುಧ ಒಂದು ನೆಯ್ದಿಲ ಹೂವು ಮಾತ್ರ. ಸರಸದ ನೆವದಲ್ಲಿ ಹೂವಿನಿಂದ ಹೊಡೆದಾಗ ಅವಳು ಮೂರ್ಛೆ ಹೋಗುತ್ತಾಳೆ. ಅವನು ಚುಚ್ಚಿ ಆಡಿದ ಮಾತಿನಿಂದ ತನ್ನ ಗುಟ್ಟು ಬಯಲಾಗಿದೆಯೆಂದು ಅವಳಿಗೆ ತಿಳಿಯುತ್ತದೆ. ಆದರೂ ಅಂದೇ ವಿಷ ಹಾಕುವುದಿಲ್ಲ. ಕೋಳಿಯ ಬಲಿಯಾಗಿ, ಮಗ ಯಶೋಮತಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಡುವೆನೆಂದು ಯಶೋಧರ ನಿಶ್ಚಯಿಸಿದ ಮೇಲೆಯೇ ಅವಳು ಗಂಡನನ್ನೂ ಅತ್ತೆಯನ್ನೂ ಊಟಕ್ಕೆ ಕರೆಯುತ್ತಾಳೆ. ಬರಿಯ ಕಾಮವೇ ಕಾರಣವಾಗಿದ್ದರೆ ಕಾಡಿಗೆ ಹೊರಟ ಗಂಡ ಅವಳಿಗೆ ತೊಡಕೇ ಅಲ್ಲ, ಬಿಡುಗಡೆ. ಆದರೆ ಗುಟ್ಟು ತಿಳಿದ ದೊರೆ ಬದುಕಿರುವವರೆಗೂ ಹೊಸ ದೊರೆಯ ತಾಯಿಯೆಂಬ ಸ್ಥಾನ ಭದ್ರವಲ್ಲ. ಅತ್ತೆಗೂ ಎಲೆ ಹಾಕಿದ್ದು ಈ ಲೆಕ್ಕಕ್ಕೇ ಹೊಂದುತ್ತದೆ. ಇದು ಪಟ್ಟ ಕೈಬದಲಾಗುವ ಸಂಧಿಯನ್ನು ನೋಡಿ ಹೂಡಿದ ಒಳಸಂಚು.

ಕಥೆ ಜನ್ನನ ಕಲ್ಪನೆಯಲ್ಲ. ಸೋಮದೇವನ ‘ಯಶಸ್ತಿಲಕ’ (959) ಇದನ್ನು ಹಿಗ್ಗಿಸಿ ಹೇಳಿತ್ತು. ಜನ್ನನಿಗೆ ಹತ್ತಿರದ ಮಾದರಿ ವಾದಿರಾಜನ ಸಂಸ್ಕೃತ ಕಾವ್ಯ. ಆದರೆ ಜನ್ನ ಬರೆದ ಆಸ್ಥಾನ ಯಾವುದು? ಅವನಿಗೆ ಕವಿಚಕ್ರವರ್ತಿ ಬಿರುದನ್ನಿತ್ತ ಹೊಯ್ಸಳ ದೊರೆ ವೀರಬಲ್ಲಾಳ, ತಂದೆ ಒಂದನೆಯ ನರಸಿಂಹನ ವಿರುದ್ಧ ಬಂಡೆದ್ದು 1173ರಲ್ಲಿ ಪಟ್ಟವೇರಿದವನು. ಜನ್ನ ಅದನ್ನೇ ಸೂಚಿಸಿದನೆಂದು ನಾನು ಹೇಳಲಾರೆ. ಆದರೆ ಪಟ್ಟದ ಹೊತ್ತಿನಲ್ಲಿ ರಕ್ತಸಂಬಂಧ ಎಷ್ಟು ತೆಳುವಾಗಬಲ್ಲದೆಂಬುದನ್ನು ಆ ಆಸ್ಥಾನಕ್ಕೆ ವಿವರಿಸಿ ಹೇಳಬೇಕಿರಲಿಲ್ಲ.

ಇಂಥ ಜೈನ ಕಥೆಗಳಿಗೆ ನೆಲ ಹದವಾದದ್ದು ಗಂಗರ ಕಾಲದಲ್ಲೇ. ಈಗ ನೆಲಮಂಗಲ ತಾಲ್ಲೂಕಿನ ಹಳ್ಳಿಯಾಗಿರುವ ಮಣ್ಣೆ ಅಂದು ಶ್ರೀಪುರುಷನ ಮಾನ್ಯಪುರ. ಅಲ್ಲಿ ಮಾರಸಿಂಹನ ಸೇನಾನಿ ಶ್ರೀವಿಜಯ ಜಿನಾಲಯ ಕಟ್ಟಿಸಿದ್ದನ್ನು 797ರ ತಾಮ್ರಶಾಸನ ಹೇಳುತ್ತದೆ. ಅದೇ ಸೀಮೆಯಲ್ಲಿ ಮಾರಮ್ಮನಿಗೆ ಕೋಳಿ ಕೊಯ್ಯುವ ಹರಕೆಯೂ ಉಂಟು, ಆಯುಧಪೂಜೆಯಂದು ಕುಂಕುಮ ತುಂಬಿದ ಬೂದುಗುಂಬಳ ಒಡೆಯುವ ವಾಡಿಕೆಯೂ ಉಂಟು. ಜೀವದ ಬದಲಿಗೆ ಕಾಯಿ ಕೊಟ್ಟರೆ ಸಾಕೆಂಬ ಸಮಾಧಾನ ನಮಗೆಲ್ಲ ಪರಿಚಿತ. ಜನ್ನ ಆ ಸಮಾಧಾನವನ್ನು ಒಪ್ಪುವುದಿಲ್ಲ: ಹಿಟ್ಟಿನ ಕೋಳಿಯಾದರೂ ಕತ್ತಿ ಎತ್ತಿದ ಮನಸ್ಸಿನಲ್ಲಿ ಕೊಲೆಯಿತ್ತು. ಅಮೃತಮತಿಯ ಅಡುಗೆಯ ಹಿಂದೆಯೂ ಅದೇ ಸಂಕಲ್ಪವಿತ್ತು. ಹೀಗೆ ಕೊಂದವಳನ್ನೂ ಸತ್ತವರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಧೈರ್ಯ ಜನ್ನನದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ವಿಷದೂಟವನ್ನು ಕೈಬಿಟ್ಟು, ಆ ಸಂಕಲ್ಪಹಿಂಸೆಯೊಂದನ್ನೇ ನಾಟಕವಾಗಿಸಿದರು.

ಅರಮನೆಯಲ್ಲಿ ಈ ಕೊಲೆಗೆ ವಿಚಾರಣೆಯೇ ಇಲ್ಲ, ಯಶೋಮತಿ ಪಟ್ಟವೇರುತ್ತಾನೆ. ಸತ್ತ ತಾಯಿ ಮಗ ನವಿಲು, ನಾಯಿ ಮೊದಲಾಗಿ ಹಲವು ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿ ಯಶೋಮತಿಯ ಬಾಣಕ್ಕೇ ಬಲಿಯಾಗಿ, ಅವನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಸುದತ್ತ ಮುನಿಯ ಬಾಯಲ್ಲಿ ನಿಜ ತಿಳಿದಾಗ ಯಶೋಮತಿ ರಾಜ್ಯ ತೊರೆಯುತ್ತಾನೆ. ಮುಂದೆ ಚಂಡಮಾರಿಯ ಗುಡಿಯಲ್ಲಿ, ಆ ಅವಳಿಗಳನ್ನು ಬಲಿ ಕೊಡಲು ನಿಂತ ದೊರೆ ಮಾರಿದತ್ತನಿಗೆ ಇದನ್ನೆಲ್ಲ ಹೇಳುವವನು ಅವರಲ್ಲೊಬ್ಬನಾದ, ಹಿಂದೆ ಯಶೋಧರನಾಗಿದ್ದ ಅಭಯರುಚಿ. ಕೊಲೆಯಾದವನೇ ಇಲ್ಲಿ ಸಾಕ್ಷಿ, ಕೊಲ್ಲಲು ಹೊರಟವನೇ ಅದನ್ನು ಆಲಿಸುವವನು.