ಹಲಗಲಿಯ ಬೇಡರು ಎತ್ತಿದ ಪ್ರಶ್ನೆ

ಸ್ವಾತಂತ್ರ್ಯ ದಿನದಂದು ಧ್ವಜ ಹಾರಿಸಿ ಸಿಹಿ ಹಂಚುವಾಗ ನಾವು ಸ್ಮರಿಸುವ ಹೆಸರುಗಳು ಹೆಚ್ಚಾಗಿ ದೊಡ್ಡ ಊರಿನವು, ದೊಡ್ಡ ಮನೆತನದವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯವರಾದ ನಮಗೆ ಹತ್ತಿರದಲ್ಲೇ, ಮುಧೋಳ ತಾಲ್ಲೂಕಿನಲ್ಲಿ, ಹಲಗಲಿ ಎಂಬ ಹಳ್ಳಿಯಿದೆ. ಯಾವ ಅರಸನೂ ಮುಂದೆ ನಿಲ್ಲದೆ ಸಾಮಾನ್ಯ ಜನರೇ ಸರ್ಕಾರಕ್ಕೆ ಎದುರಾದ ಊರು ಅದು. ಸರ್ಕಾರದ ಕೈ ಪ್ರಜೆಯ ಮನೆಯೊಳಗೆ ಎಲ್ಲಿಯವರೆಗೆ ಚಾಚಬಹುದು? ಅಲ್ಲಿಯ ಹೋರಾಟದ ತಿರುಳು ಇದೇ.

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧವಿದ್ದವರು ಅದನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕು ಎಂಬುದು ಆಜ್ಞೆ. ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಬ್ರಿಟಿಷರ ಅಧೀನದಲ್ಲಿತ್ತು. ಬೇಡರಿಗೆ ಆಯುಧವೆಂದರೆ ಬರೀ ಕಬ್ಬಿಣವಲ್ಲ. ಬೇಟೆಯ ಬದುಕು, ಹಿರಿಯರಿಂದ ಬಂದ ಮರ್ಯಾದೆ. ನಮ್ಮದನ್ನು ಇಟ್ಟುಕೊಳ್ಳಲು ಇನ್ನೊಬ್ಬರ ಅಪ್ಪಣೆ ಏಕೆ ಎಂಬುದು ಅವರ ನೇರವಾದ ಮಾತು.

ನವೆಂಬರ್ ತಿಂಗಳಲ್ಲಿ ಮುಧೋಳದ ಆಡಳಿತಗಾರ ಅವರ ಮುಖಂಡ ಜಡಗನನ್ನು ಕರೆಸಿ ಪರವಾನಗಿ ಕೊಡಿಸಿದ. ಒಬ್ಬ ಒಪ್ಪಿದರೆ ಉಳಿದವರೂ ಒಪ್ಪಿಯಾರು ಎಂಬ ಲೆಕ್ಕ ತಪ್ಪಿತು. ಮತ್ತೆ ಮತ್ತೆ ಬಂದ ಸರ್ಕಾರಿ ಜನರನ್ನು ಜಡಗ, ಬಾಲ ಮತ್ತು ಊರವರು ಹಿಂದಟ್ಟಿದರು. ಮಂಟೂರು, ಬೂದ್ನಿ, ಆಲಗುಂಡಿಗಳಿಂದಲೂ ಜನ ಬಂದು ಸೇರಿದರು. ನವೆಂಬರ್ 29ರ ರಾತ್ರಿ ಕಾಳಗ ನಡೆಯಿತು. ಮರುದಿನ ಬಾಗಲಕೋಟೆಯಿಂದ ಬಂದ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು ಗಲ್ಲಿಗೇರಿಸಿದರು. 14ರಂದು ಜಡಗ, ಬಾಲ ಸೇರಿದಂತೆ ಆರು ಜನರನ್ನು ಹಲಗಲಿಯಲ್ಲೇ, ಅವರದೇ ಊರಲ್ಲಿ, ಗಲ್ಲಿಗೇರಿಸಿದರು. ಮರು ವರ್ಷ ಬಂಡೆದ್ದ ನರಗುಂದದ ಬಾಬಾಸಾಹೇಬನ ಹಿಂದೆ ಒಂದು ಗದ್ದುಗೆಯಿತ್ತು. ಇವರ ಹಿಂದೆ ಇದ್ದದ್ದು ಸುಟ್ಟ ಗುಡಿಸಲುಗಳು ಮಾತ್ರ. ಇವರ ಕಥೆಯನ್ನು ಉಳಿಸಿದ್ದು ಲಾವಣಿ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಎಂಬುದು ಇತಿಹಾಸದ ವಿಚಿತ್ರ.

ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡೋಣ. ಹಲಗಲಿ ಸುಟ್ಟ ಕೆಲವೇ ವರ್ಷಗಳಲ್ಲಿ, ಕೊಡಗಿನವರ ನಿಷ್ಠೆಯನ್ನು ಮೆಚ್ಚಿ, ಅದೇ ಸರ್ಕಾರ ಅವರಿಗೆ ಶಸ್ತ್ರ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡವರ ಸಂಪ್ರದಾಯದ ಬಗ್ಗೆ ನಮಗೆ ಗೌರವವಿದೆ. ಆದರೆ ಅಂದು ಒಂದೇ ಸರ್ಕಾರ ಒಬ್ಬರಿಗೆ ಉಡುಗೊರೆ ಕೊಟ್ಟಿತು, ಮತ್ತೊಬ್ಬರಿಗೆ ನೇಣು ಹಾಕಿತು. ಮೆಚ್ಚುಗೆಗೆ ಸಿಕ್ಕಿದ ಸ್ವಾತಂತ್ರ್ಯ ಮುನಿಸಿಗೆ ಹೋಗಿಬಿಡಬಹುದು. ಅದು ಹಕ್ಕಲ್ಲ, ಕೃಪೆ.

ವ್ಯಕ್ತಿಸ್ವಾತಂತ್ರ್ಯವೇ ಎಲ್ಲಕ್ಕಿಂತ ಮೇಲು, ಜೀವ-ಆಸ್ತಿಗಳ ರಕ್ಷಣೆಯಾಚೆಗೆ ಸರ್ಕಾರಕ್ಕೆ ಕೆಲಸವಿಲ್ಲ ಎನ್ನುವ ಚಿಂತಕರು ಈ ಮಾತನ್ನೇ ಒತ್ತಿ ಹೇಳುತ್ತಾರೆ. ಅಮೆರಿಕದಲ್ಲಿ 1791ರಿಂದಲೂ ಆಯುಧದ ಹಕ್ಕು ಸಂವಿಧಾನದಲ್ಲಿದೆ. ನಮ್ಮಲ್ಲಿಯೂ 1931ರ ಕರಾಚಿ ಕಾಂಗ್ರೆಸ್ ಅಧಿವೇಶನ, ನಿಯಮಗಳಿಗೆ ಒಳಪಟ್ಟು, ಈ ಹಕ್ಕನ್ನು ತನ್ನ ಪಟ್ಟಿಯಲ್ಲಿ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತರು ಸಂವಿಧಾನ ಸಭೆಯಲ್ಲಿ ಇದಕ್ಕಾಗಿ ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಕಳ್ಳರಿಗೂ ದರೋಡೆಕೋರರಿಗೂ ಇದೇ ಹಕ್ಕು ಸಿಕ್ಕೀತಲ್ಲ ಎಂಬುದು ಅವರ ಆತಂಕ. ತಿದ್ದುಪಡಿ ಬಿದ್ದುಹೋಯಿತು.

ನಮಗೆ ಅಂಬೇಡ್ಕರರ ಮಾತೇ ಸರಿಯೆನಿಸುತ್ತದೆ. ಊರಿನ ಬಲಾಢ್ಯನ ಕೈಗೆ ಬಂದೂಕು ಸುಲಭವಾಗಿ ಸಿಕ್ಕರೆ ಕೇರಿಯ ಬಡವನ ಸ್ವಾತಂತ್ರ್ಯ ಅಂದೇ ಮುಗಿಯಿತು. ಎಲ್ಲರ ರಕ್ಷಣೆಗೆ ಕಾನೂನು ಬೇಕೇ ಬೇಕು. ಆದರೂ ಬೇಡರ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಅವರ ಮೇಲೆ ಬಂದ ಕಾಯ್ದೆಯನ್ನು ಮಾಡುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಅದು ಅವರ ರಕ್ಷಣೆಗೆ ಬಂದದ್ದೂ ಅಲ್ಲ, ಆಳುವವರ ಭಯದಿಂದ ಹುಟ್ಟಿದ್ದು. ಇಂದು ಕಾಯ್ದೆ ಮಾಡುವವರನ್ನು ನಾವೇ ಆರಿಸುತ್ತೇವೆ. ಆದ್ದರಿಂದ ಪ್ರತಿ ಹೊಸ ಕಾಯ್ದೆ ಬಂದಾಗಲೂ ಎರಡು ಮಾತು ಕೇಳುವುದು ನಮ್ಮ ಕರ್ತವ್ಯ: ಇದು ಯಾರನ್ನು ಕಾಯುತ್ತದೆ? ಇದರ ಭಾರ ಬೀಳುವವರ ಮಾತನ್ನು ಕೇಳಿದ್ದೀರಾ? ಇಷ್ಟು ಕೇಳುವ ಧೈರ್ಯ ನಮಗೆ ಬಂದರೆ ಹಲಗಲಿಯವರಿಗೆ ಸಲ್ಲಬೇಕಾದ ಗೌರವ ಸಂದಂತೆ.