ಏಡಿ ಎಂಬ ಹೆಸರು

ಹೊಳೆಹೊನ್ನೂರಿನ ಭದ್ರೆಯ ದಡದವರಿಗೆ ಏಡಿ ಹೊಸದೇ? ಹಿಪ್ಪೋಕ್ರೇಟಸನ ಪರಂಪರೆಯ ಗ್ರೀಕ್ ವೈದ್ಯರು ಈ ರೋಗವನ್ನು 'ಕಾರ್ಕಿನೋಸ್', ಅಂದರೆ ಏಡಿ, ಎಂದೇ ಕರೆದರು. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ತೋರುವುವೆಂದು ಗ್ಯಾಲನ್ ವಿವರಿಸಿದನು. ನಮ್ಮ 'ಏಡಿಗಂತಿ'ಯಲ್ಲಿರುವುದೂ ಅದೇ ಏಡಿ.

ಕಪ್ಪು ಗಂತಿಯನ್ನು ಬೇರೊಂದು ರೋಗವೆಂದು 1806ರಲ್ಲಿ ಬರೆದವನು, ಮುಂದೆ ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್. ಇಂದಿನ 'ಮೆಲನೋಮ'ದ ಮೂಲ, ಕಪ್ಪು ಎಂಬರ್ಥದ ಗ್ರೀಕ್ ಪದ. 1970ರಲ್ಲಿ ಅಮೆರಿಕದ ಬ್ರೆಸ್ಲೋ ಹೆಸರಿನ ಜೊತೆಗೆ ಅಳತೆಯನ್ನೂ ಕೊಟ್ಟರು: ಗಂತಿ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದು. ಅಂಕಿ ಕಡಮೆಯಾದಷ್ಟೂ ಭರವಸೆ ಹೆಚ್ಚು.

ಶಿವಮೊಗ್ಗೆಯಿಂದ ವರದಿ ಹಿಡಿದು ಊರಿಗೆ ಮರಳುವವರು ಒಂದು ಮಾತನ್ನು ನೆನಪಿಡಬೇಕು. ಅಂಚು 'ಪಾಸಿಟಿವ್' ಎಂದಿದ್ದರೆ ಅದು ಶುಭವಾರ್ತೆಯಲ್ಲ. ಕತ್ತರಿಸಿದ ಅಂಚಿನಲ್ಲಿಯೂ ರೋಗ ಕಂಡಿದೆಯೆಂದು ಅದರ ಅರ್ಥ. ಇಲ್ಲಿ 'ನೆಗೆಟಿವ್' ಎಂಬುದೇ ಸಮಾಧಾನದ ಮಾತು. ತಿಳಿಯದ ಪದವನ್ನು ವೈದ್ಯರಲ್ಲಿ ಕೇಳುವುದಕ್ಕೆ ಸಂಕೋಚ ಬೇಡ.